ಉಜ್ಜನಪ್ಪನ ಕೈಸನ್ನೆ

ಉಜ್ಜನಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನಿಗೆ ಸನ್ನೆ ಮಾಡುತ್ತಿದ್ದವನು. ಆ ಗದ್ದಲದಲ್ಲಿ ಬಾಯಿಗೆ ಕೆಲಸವಿರಲಿಲ್ಲ. ಅದೇ ರೂಢಿ ಮನೆಗೂ ಬಂತು. ಊಟಕ್ಕೆ ಕೂತಾಗ ಅಂಗೈ ಕೆಳಗೆ ಮಾಡಿದರೆ ಬಡಿಸು, ಮುಷ್ಟಿ ಕಟ್ಟಿದರೆ ಸಾಕು. ಹೆಂಡತಿ ವೀರಮ್ಮ ಆ ಎರಡು ಸನ್ನೆಗಳ ಜೊತೆಗೇ ಇಷ್ಟು ವರ್ಷ ಸಂಸಾರ ಮಾಡಿದ್ದಳು.

ನಿವೃತ್ತಿಯಾದ ಮೇಲೆ ಕೈನಡುಕ ಹತ್ತಿತು. ಶಿವಮೊಗ್ಗದ ನರರೋಗದ ಡಾಕ್ಟರು ಕೊಟ್ಟ ಮಾತ್ರೆಗೆ ನಡುಕ ತಗ್ಗಿತು. ಜೊತೆಗೆ ಮಾತು ಬಂತು.

"ಮಾರಾಯ್ತಿ, ಮದುವೆ ದಿನಕ್ಕಿಂತ ಈಗ್ಲೇ ಚೆನ್ನಾಗಿದೀಯ."

"ಆವತ್ತು ನನ್ನ ಮುಖ ನೋಡಿದ್ರೆ ತಾನೆ?"

"ನೋಡಿದ್ದೆ. ಹೇಳಕ್ಕೆ ಬರ್ಲಿಲ್ಲ."

ವೀರಮ್ಮ ಒಲೆಯ ಕಡೆ ತಿರುಗಿಕೊಂಡು ನಕ್ಕಳು. ಎತ್ತು, ಇನ್ನೂ ಇಳಿಸು, ನಿಧಾನ ಎಂದು ಕ್ರೇನಿನ ಸನ್ನೆಗಳನ್ನೆಲ್ಲ ಅವನು ಅವಳಿಗೆ ಕಲಿಸಿದ. ಅವಳು ಸೌಟು ಹಿಡಿದೇ ಕಲಿತಳು.

ಆದರೆ ಕೈ ಸುಮ್ಮನಿರಲಿಲ್ಲ. ರೇಡಿಯೊ, ಮಿಕ್ಸಿ, ಫ್ಯಾನು ಎಲ್ಲ ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚುವನು. "ಬಿಚ್ಚದೆ ಇರಕ್ಕೆ ಆಗಲ್ಲ ಕಣೇ" ಎನ್ನುವನು. ಮಾತಾಡುತ್ತಲೇ ಬಿಚ್ಚುತ್ತಾನಲ್ಲ, ಇರಲಿ ಎಂದು ವೀರಮ್ಮ ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಲಿಂಗಪೂಜೆಗೆಂದು ಊದಿನಕಡ್ಡಿ ಹಚ್ಚಲು ಬೆಂಕಿಪೊಟ್ಟಣ ತೆಗೆದವಳಿಗೆ ಗ್ಯಾಸಿನ ವಾಸನೆ ಬಡಿಯಿತು. ಅಡುಗೆಮನೆಯಲ್ಲಿ ಉಜ್ಜನಪ್ಪ ಒಲೆಯ ಪೈಪು ಕಳಚಿ ಕೂತಿದ್ದ.

ಅಂದೇ ಶಿವಮೊಗ್ಗದ ಬಸ್ಸು ಹತ್ತಿದರು.

"ಸ್ವಭಾವದಲ್ಲಿ ಏನಾದ್ರೂ ಬದಲಾವಣೆ?" ಡಾಕ್ಟರು ಕೇಳಿದರು.

"ಏನಿಲ್ಲ ಡಾಕ್ಟ್ರೇ. ಜೀವಮಾನದಲ್ಲೇ ಇಷ್ಟು ಚೆನ್ನಾಗಿರ್ಲಿಲ್ಲ" ಎಂದ ಉಜ್ಜನಪ್ಪ.

ವೀರಮ್ಮ ಎಲ್ಲ ಹೇಳಿದಳು.

"ಇದು ಮಾತ್ರೆಯಿಂದ್ಲೇ ಅಮ್ಮಾ. ಕಮ್ಮಿ ಮಾಡಬೇಕಾಗುತ್ತೆ."

"ಮಾತು? ಅದೂ ಮಾತ್ರೆದೇನಾ?"

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಇಲ್ಲದ್ದನ್ನ ಹುಟ್ಟಿಸ್ತೋ, ಒಳಗಿದ್ದದ್ದನ್ನ ಬಿಚ್ಚಿತೋ, ನನಗೂ ಗೊತ್ತಿಲ್ಲ. ಕಮ್ಮಿ ಮಾಡಿದ್ರೆ ಅದೂ ಹೋಗಬಹುದು. ನಡುಕಾನೂ ಬರಬಹುದು."

"ರೀ, ನೀವೇ ಹೇಳಿ. ನಿಮ್ಮ ತಲೆ, ನಿಮ್ಮ ಮಾತು. ನಾನು ಹೇಗೆ ಬೇಡ ಅನ್ನಲಿ?"

ಉಜ್ಜನಪ್ಪ ಅವಳನ್ನೇ ನೋಡಿದ. "ಕಮ್ಮಿ ಮಾಡಿ ಡಾಕ್ಟ್ರೇ. ಇವಳು ಕಡ್ಡಿ ಗೀರಿದ್ದಿದ್ರೆ ನಾನು ಯಾರ ಹತ್ರ ಮಾತಾಡ್ಬೇಕಿತ್ತು?"

ವಾರಗಳು ಕಳೆದಂತೆ ಸ್ಕ್ರೂಗಳು ತಮ್ಮ ಜಾಗದಲ್ಲೇ ಉಳಿದವು. ಮಾತುಗಳೂ ಒಂದೊಂದಾಗಿ ನಿಂತವು.

ಒಂದು ಮಧ್ಯಾಹ್ನ ಊಟದಲ್ಲಿ ನಡುಗುವ ಮುಷ್ಟಿ ಮೇಲೆದ್ದಿತು, ಸಾಕು. ವೀರಮ್ಮ ಸೌಟನ್ನು ತಟ್ಟೆಯ ಮೇಲೆ ಹಿಡಿದಳು. ಇನ್ನೊಂದು ಕೈಯಲ್ಲಿ, ಅವನೇ ಕಲಿಸಿದ ಹಾಗೆ, ನಿಧಾನ, ಇನ್ನೂ ಇಳಿಸು ಎಂದು ಸನ್ನೆ ಮಾಡಿದಳು.

ಉಜ್ಜನಪ್ಪನ ತುಟಿಯಂಚು ಅರಳಿತು. ಮುಷ್ಟಿ ಬಿಚ್ಚಿತು. ಅಂಗೈ ಕೆಳಮುಖವಾಯಿತು.

ಅವಳು ಬಡಿಸಿದಳು.