ಸಾದಾ ಗಂಟು

ಹುಕ್ಕೇರಿಯ ಕಿರಾಣಿ ವ್ಯಾಪಾರಿ ಕುಂಥುನಾಥನ ಮನೆಯಲ್ಲಿ ರಕ್ತ ಅಂದರೆ ಒಂದೇ ಅರ್ಥ. ಸೊಸೆಯ ಸೀರೆಗೆ ಕೆಂಪು ಹತ್ತಿತೋ, ಅವಳು ಹೊರಗಾದಳು. ಹಿತ್ತಲ ಪಡಸಾಲೆಗೆ ನಡೆಯಬೇಕು, ಚಾಪೆ ಬೇರೆ, ತಾಟು ತಂಬಿಗೆ ಬೇರೆ, ಒಲೆ ಮುಟ್ಟುವಂತಿಲ್ಲ, ಬಸದಿಯ ಮೆಟ್ಟಿಲು ತುಳಿಯುವಂತಿಲ್ಲ. ಅತ್ತೆ ಜಿನ್ನವ್ವ ಈ ವಿಷಯದಲ್ಲಿ ಸ್ವಂತ ಮಗಳಿಗೂ ರಿಯಾಯಿತಿ ಕೊಟ್ಟವಳಲ್ಲ, ಇನ್ನು ಸೊಸೆಗೆ ಕೊಡುವಳೇ.

ಸೊಸೆ ರಾಜಮತಿಗೆ ಬರುತ್ತಿದ್ದ ರಕ್ತಕ್ಕೆ ಹೊತ್ತುಗೊತ್ತು ಇರಲಿಲ್ಲ. ಒಮ್ಮೆ ಒಂದೇ ದಿನ ಕಂಡು ಮಾಯವಾಗುತ್ತಿತ್ತು, ಇನ್ನೊಮ್ಮೆ ಹದಿನೈದು ದಿನವಾದರೂ ಬಿಡುತ್ತಿರಲಿಲ್ಲ. ನೋವಿಲ್ಲ, ಉರಿಯಿಲ್ಲ. ಅವಳೇನು ದಡ್ಡಿಯಲ್ಲ, ಬಿಳಿ ಅರಿವೆ ಇಟ್ಟುಕೊಂಡು ನೋಡಿದಳು, ಅರಿವೆ ಬಿಳಿಯಾಗಿಯೇ ಉಳಿಯಿತು. ಮಣ್ಣಿನ ಕುಡಿಕೆಯಲ್ಲಿ ಮೂತ್ರ ಹಿಡಿದು ನೋಡಿದಳು, ಕುಡಿಕೆ ಕೆಂಪಾಯಿತು.

"ಅತ್ತೀ, ಇದು ಮುಟ್ಟಲ್ರಿ. ಒಂದಕ್ಕ ಹೋದಾಗಷ್ಟ ಕೆಂಪ ಬರತೈತಿ" ಎಂದು ಹೇಳಿಯೂ ಹೇಳಿದಳು.

"ರಕ್ತ ಯಾವ ಹಾದೀಲೆ ಬಂತಂತ ಕೇಳ್ಕೋತ ಕುಂಡ್ರೂದೇನ? ರಕ್ತಂದ್ರ ರಕ್ತ. ನಡಿ ಹಿತ್ತಲಕ್ಕ."

ಹೀಗೆ ಲಗ್ನವಾಗಿ ಆರು ವರ್ಷದಲ್ಲಿ ಅವಳು ಸಂಸಾರ ಮಾಡಿದ್ದು ಕಡಿಮೆ, ಹಿತ್ತಲಲ್ಲಿ ಕೂತದ್ದೇ ಹೆಚ್ಚು. ಮಕ್ಕಳಾಗಲಿಲ್ಲ. ಗೋಡೆಯಾಚೆಯ ಕಾಶೆವ್ವ ಲಿಂಗವಂತರ ಹೆಂಗಸು. "ಲಿಂಗಾ ಕಟ್ಟಿಕೊಂಡವರಿಗಿ ಮುಟ್ಟ ಮೈಲಿಗಿ ಇಲ್ಲವ್ವಾ, ಬಾ ನಮ್ಮ ಮನ್ಯಾಗ ಕುಂಡ್ರ" ಎಂದು ಕರೆಯುತ್ತಿದ್ದಳು. ಅತ್ತೆಯ ಹೆದರಿಕೆಗೆ ರಾಜಮತಿ ಗೋಡೆ ದಾಟಲಿಲ್ಲ.

ಆ ಮನೆಯಲ್ಲಿ ಅವಳನ್ನು ನಂಬಿದವನು ಗಂಡ ಕುಂಥುನಾಥ ಒಬ್ಬನೇ. ಸಂಜೆ ಅಂಗಡಿಯಿಂದ ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂತು ಮಾತಾಡಿಸುತ್ತಿದ್ದ. ಗೋಕಾಕಕ್ಕೆ ಮಾಲು ತರಲು ಹೋದರೆ ಕರದಂಟಿನ ಪೊಟ್ಟಣ ತಂದು, ತಾಯಿಗೆ ಕಾಣದಂತೆ ಅವಳ ಕಡೆ ಸರಿಸುತ್ತಿದ್ದ. "ಅವ್ವಗ ತಿಳ್ಯೂದಿಲ್ಲ. ನಿನ್ನ ಮಾತ ಖರೆ ಐತಿ ಅಂತ ನನಗ ಗೊತ್ತೈತಿ. ಮಿಷನ್ ದವಾಖಾನಿಗಿ ಕರಕೊಂಡ ಹೋಗತೇನಿ" ಅಂದ. ಆ ಒಂದು ಮಾತಿಗೆ ರಾಜಮತಿ ಆರು ವರ್ಷದ ಹಿತ್ತಲನ್ನು ಮರೆತಳು.

ಗೋಕಾಕ ರೋಡ ಸ್ಟೇಷನ್ನಿನಿಂದ ರೈಲು ಹತ್ತಿ ಮರಾಠಿ ಸೀಮೆಯ ದವಾಖಾನೆಗೆ ಹೋದರು. ಡಾಕ್ಟರಬಾಯಿ ಬಿಳಿಯ ಹೆಂಗಸು, ಮಾತೆಲ್ಲ ಮರಾಠಿಯಲ್ಲಿ. ತುದಿಗೆ ಕಾಳಿನಷ್ಟು ದೀಪವಿದ್ದ ತೆಳ್ಳನೆಯ ಕೊಳವೆ ಒಳಗಿಳಿಸಿ ಮೂತ್ರಚೀಲದೊಳಗೆ ನೋಡಿದಳು. ರಾಜಮತಿ ನೋವಿಗೂ ನಾಚಿಕೆಗೂ ಸೆರಗು ಕಚ್ಚಿ ಮಲಗಿದ್ದಳು. ಒಳಗಿನಿಂದ ಚಿಮಟಿಗೆಯಷ್ಟು ಮಾಂಸ ಚಿವುಟಿ ತೆಗೆದು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡುವುದೂ ಆಯಿತು. ಅದು ಮುಗಿದ ಮೇಲೆ ಡಾಕ್ಟರಬಾಯಿ ಮಂಚದ ಬಳಿ ಬಂದು ಕುಂಥುನಾಥನಿಗೆ ಉದ್ದಕ್ಕೆ ಏನೇನೋ ಹೇಳಿದಳು. ಕಿರುಬೆರಳ ತುದಿ ತೋರಿಸಿದಳು. ಕೊನೆಗೆ ರಾಜಮತಿಯ ಕೆನ್ನೆ ತಟ್ಟಿ ನಕ್ಕಳು.

ಕುಲಗೋಡದಲ್ಲಿ ಹುಟ್ಟಿ ಬೆಳೆದ ರಾಜಮತಿಗೆ ಮರಾಠಿ ಬಾರದು. ಅತ್ತೆಯ ತವರು ಕೊಲ್ಲಾಪುರದ ಕಡೆ. ತಾಯಿ ಮಗ ಗುಟ್ಟಿನ ಮಾತಿಗೆಂದೇ ಮರಾಠಿಯನ್ನು ಇಟ್ಟುಕೊಂಡಿದ್ದರು. ಆ ಮಾತು ಶುರುವಾದರೆ ಎದ್ದು ಹೋಗಬೇಕೆಂಬ ಮರ್ಯಾದೆಯನ್ನು ಸೊಸೆ ಕಲಿತಿದ್ದಳೇ ಹೊರತು ಮಾತನ್ನು ಕಲಿತಿರಲಿಲ್ಲ.

"ಏನಂದ್ರರಿ ಡಾಕ್ಟರಬಾಯಿ?" ರೈಲಿನಲ್ಲಿ ಕೇಳಿದಳು.

ಕುಂಥುನಾಥ ಕಿಟಕಿಯ ಹೊರಗೆ ನೋಡಿದ. "ಗರ್ಭದಾಗ ಗಂಟ ಐತೆಂತ. ಕೆಟ್ಟ ಗಂಟ. ತೆಗಿಯಾಕ ಬರೂದಿಲ್ಲಂತ. ಮಕ್ಕಳ ಆಸೆ ಬಿಡ್ರಿ ಅಂದ್ಲು."

"ಮತ್ತ ನಕ್ಕರಲ್ರಿ?"

"ಬಿಳಿ ಮಂದಿ ಹಂಗ. ಸಾಯೋರ ಮುಂದೂ ನಗತಾರ."

ಅವಳು ಅತ್ತಳು. ಅವನೂ ಅತ್ತ. ಅವನ ಆ ಅಳುವಿನ ಮಾತು ಬಂದಾಗಲೆಲ್ಲ ಈ ಕಥೆ ಹೇಳುವ ನನಗೇ ಮೈ ಉರಿಯುತ್ತದೆ.

ಮುಂದಿನದನ್ನು ರಾಜಮತಿ ತಾನೇ ಮಾಡಿದಳು. ಸಾಯುವವಳು ತಾನು, ವಂಶ ಯಾಕೆ ಸಾಯಬೇಕು ಎಂದು ಲೆಕ್ಕ ಹಾಕಿ, ಇನ್ನೊಂದು ಲಗ್ನ ಮಾಡಿಕೊಳ್ಳಿರೆಂದು ಗಂಡನ ಕಾಲು ಹಿಡಿದಳು. ಅವನು ಒಲ್ಲೆ ಒಲ್ಲೆ ಅಂದ. ಒಲ್ಲೆ ಅನ್ನುತ್ತಲೇ ಕಣಗಲಾ ಊರಿನ ಬಾಳವ್ವನ ಹೆಸರು ಅದು ಹೇಗೋ ಬಂತು. ಹಿರಿಯರು ಕೂಡಿ, "ನಿನ್ನ ಒಪ್ಪಿಗಿ ಐತೇನವಾ?" ಎಂದು ಮೊದಲ ಹೆಂಡತಿಯನ್ನು ಪದ್ಧತಿಯಂತೆ ಕೇಳಿದರು. ರಾಜಮತಿ ಎಲ್ಲರಿಗೂ ಕೇಳುವಂತೆ ಹೂಂ ಅಂದಳು, ತಾನೇ ನಿಂತು ಅಕ್ಷತೆ ಹಾಕಿದಳು. ಬಾಳವ್ವ ಒಳಗೆ ಬಂದಳು, ರಾಜಮತಿ ಹಿತ್ತಲಿಗೆ ಹೋದಳು. ಗಂಡ ಮೆಟ್ಟಿಲ ಮೇಲೆ ಬಂದು ಕೂರುವುದು ಮೆಲ್ಲಗೆ ನಿಂತೇ ಹೋಯಿತು.

ಸಾವನ್ನು ಕಾಯುತ್ತ ಕೂತವಳಿಗೆ ಎರಡು ವರ್ಷವಾದರೂ ಸಾವು ಬರಲಿಲ್ಲ. ಒಂದು ದಿನ ಗರಣೆಗಟ್ಟಿದ ರಕ್ತ ಅಡ್ಡ ಬಂದು ಮೂತ್ರವೇ ಕಟ್ಟಿತು. ಹೊಟ್ಟೆ ಬಿಗಿದು ಕಲ್ಲಾಯಿತು. ಕುಂಥುನಾಥ ಗೋಕಾಕಕ್ಕೆ ಹೋಗಿದ್ದ. ಅವಳ ನರಳಾಟ ಕೇಳಿದ ಕಾಶೆವ್ವ ಗೋಡೆ ದಾಟಿ ಬಂದು, ಯಾರನ್ನೂ ಕೇಳದೆ, ತನ್ನ ಮನೆಯ ಚಕ್ಕಡಿ ಹೂಡಿಸಿ ರೈಲಿಗೆ ಒಯ್ದಳು.

ಡಾಕ್ಟರಬಾಯಿ ಮೊದಲು ಮೂತ್ರ ಬಿಡಿಸಿದಳು. ಆಮೇಲೆ ಮುಖ ಗುರುತು ಹಿಡಿದು ಸಿಟ್ಟಾದಳು. ಅಂಕಲಗಿಯ ಉದ್ದವ್ವ ಅಲ್ಲಿ ಆಯಾ ಆಗಿದ್ದಳು. ಮಾತನ್ನು ಕನ್ನಡಕ್ಕೆ ತಿರುಗಿಸಿದಳು.

"ಇಷ್ಟ ದಿನಾ ಯಾಕ ಬರಲಿಲ್ಲ ಅಂತ ಡಾಕ್ಟರಬಾಯಾರು ಕೇಳಾಕತ್ತಾರ."

"ಕೆಟ್ಟ ಗಂಟಂತ, ತೆಗಿಯಾಕ ಬರೂದಿಲ್ಲಂತ ಅವರ ಅಂದಿದ್ರಲ್ಲ?"

ಉದ್ದವ್ವ ಅದನ್ನು ತಿರುಗಿಸಿ ಹೇಳಿದಳು. ಡಾಕ್ಟರಬಾಯಿ ಮಂಚದ ಅಂಚಿಗೆ ಕೂತು ನಿಧಾನವಾಗಿ ಆಡಿದ ಮಾತನ್ನು ಉದ್ದವ್ವ ಕನ್ನಡದಲ್ಲಿ ಹೇಳುತ್ತ ಹೋದಳು.

"ಹಂಗ ಅಂದೇ ಇಲ್ಲಂತ. ಗಂಟ ಉಚ್ಚಿ ಚೀಲದಾಗ ಐತಿ. ಸಾದಾ ಗಂಟ, ಮಂದಿಗಿ ಬರೂದ ಅಪರೂಪ, ಜೀವಕ್ಕ ಧಕ್ಕಿ ಇಲ್ಲ. ಗರ್ಭಕ್ಕ ಏನೂ ಆಗಿಲ್ಲ. ನಾಕ ದಿನಾ ಇಲ್ಲೇ ಬಿಟ್ಟ ಹೋಗು, ತೆಗದ ಕೊಡತೇನಿ, ಮಕ್ಕಳಾಕ್ಕಾವು ಅಂತ ನಿನ್ನ ಗಂಡಗ ಅವತ್ತ ಹೇಳ್ಯಾರಂತ. ಮನ್ಯಾಗ ಕೇಳಿ ಕರಕೊಂಡ ಬರತೇನಿ ಅಂದ ಹೋದ್ನಂತ."

ರಾಜಮತಿಗೆ ಅಳು ಬರಲಿಲ್ಲ. ಬಾಜೂ ಕೂತ ಕಾಶೆವ್ವ ತಲೆ ತಗ್ಗಿಸಿ, "ಆ ಕಣಗಲಾದ ಸಂಬಂಧದ ಮಾತ ನೀವು ದವಾಖಾನಿಗಿ ಬರೂಕಿಂತ ಮೊದಲ ಊರಾಗ ಇತ್ತವಾ. ಹೆಂಗ ಹೇಳಲಿ ಅಂತ ಸುಮ್ಮನಿದ್ನಿ" ಅಂದಳು. ಅಂದರೆ ಆ ಸಂಬಂಧದ ಮಾತು ಗೋಡೆಯಾಚೆಯೂ ಗೊತ್ತಿತ್ತು, ಗೋಡೆಯೀಚೆಯೂ ಗೊತ್ತಿತ್ತು. ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಇದು: ಅತ್ತೆ ನಂಬಲಿಲ್ಲ, ಕಾಡಿದಳು, ಅಷ್ಟೇ. ಗಂಡ ನಂಬಿದ್ದ. ನಂಬಿಯೇ ಕತ್ತು ಕೊಯ್ದಿದ್ದ.

ಗಂಟು ತೆಗೆದರು. ಮೂತ್ರ ತಿಳಿಯಾಯಿತು. ಹೊರಡುವ ಮುಂಚೆ ರಾಜಮತಿ ಉದ್ದವ್ವನನ್ನು ಕೂರಿಸಿಕೊಂಡು, ಡಾಕ್ಟರಬಾಯಿ ಅವತ್ತು ಆಡಿದ ಮಾತನ್ನು ಮರಾಠಿಯಲ್ಲಿ ಆಡಿದ ಹಾಗೆಯೇ ಹೇಳಿಕೊಡು ಅಂದಳು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದಳು.

ಮನೆ ಮುಟ್ಟಿದಾಗ ಹೊತ್ತು ಮುಳುಗುವುದರಲ್ಲಿತ್ತು. ಜೈನರ ಮನೆ, ದೀಪ ಹಚ್ಚಿದ ಮೇಲೆ ಅಲ್ಲಿ ಯಾರೂ ಉಣ್ಣುವುದಿಲ್ಲ; ಕುಂಥುನಾಥ ಆಗಷ್ಟೇ ತಾಟಿನ ಮುಂದೆ ಕೂತಿದ್ದ. ಬಸುರಿ ಬಾಳವ್ವ ಗೋಡೆಗೆ ಒರಗಿ ತನ್ನ ತಾಟಿಗೆ ಕಾಯುತ್ತಿದ್ದಳು. ರಾಜಮತಿ ಸೀದಾ ಅಡುಗೆಮನೆಯ ಹೊಸ್ತಿಲು ದಾಟಿದಳು.

"ಎಲ್ಲಿಗಿ ಬಂದಿ? ಹಿತ್ತಲಕ್ಕ ನಡಿ" ಅಂದಳು ಜಿನ್ನವ್ವ.

"ನಾ ಹೊರಗಿಲ್ರಿ ಅತ್ತಿ. ಡಾಕ್ಟರಬಾಯಿ ಒಂದ ಮಾತ ಅಂದಾರ. ನನಗ ಮರಾಠಿ ಬರೂದಿಲ್ಲ. ಅವತ್ತ ಇವರ ಕನ್ನಡದಾಗ ಹೇಳಿದ್ರು, ಇವತ್ತೂ ಹೇಳ್ಲಿ." ಗಂಡನ ಕಡೆ ತಿರುಗಿ, ತಡವರಿಸದೆ ಅಂದಳು: "ಗಾಠ ಸಾಧೀ ಆಹೆ. ಮುಲಂ ಹೋತೀಲ."

ಕುಂಥುನಾಥನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅವನು ಅದನ್ನು ಕನ್ನಡಕ್ಕೆ ತಿರುಗಿಸುವ ಅಗತ್ಯವಿರಲಿಲ್ಲ; ಜಿನ್ನವ್ವನಿಗೆ ಮರಾಠಿ ಬರುತ್ತಿತ್ತು. ಗಂಟು ಸಾದಾ ಐತಿ, ಮಕ್ಕಳಾಕ್ಕಾವು. ಅವಳು ಸೌಟು ಕೆಳಗಿಟ್ಟಳು.

"ಕುಂಥೂ, ಅವತ್ತೂ ಹಿಂಗ ಅಂದಿದ್ಲೇನ ಆಕಿ?"

ಮಗ ತಾಟು ನೋಡುತ್ತ ಅಂದ, "ಮದವಿ ಮಾಡ್ಕೋರಿ ಅಂತ ಇಕೀನ ಅಂದ್ಲಲ್ಲ. ಮಂದಿ ಮುಂದ ಹೂಂ ಅಂದ್ಲಲ್ಲ."

"ಅಂದೇನ್ರಿ" ಎಂದಳು ರಾಜಮತಿ. "ನಿಮ್ಮ ಮಾತ ನಂಬಿ ಅಂದೇನಿ."

ಬಾಳವ್ವ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು. ಅವಳಿಗೂ ಇದು ಗೊತ್ತಿರಲಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು. ಜಿನ್ನವ್ವ ಬಾಗಿ, ಮಗನ ಮುಂದಿನ ತಾಟನ್ನು ಎರಡೂ ಕೈಯಿಂದ ಎತ್ತಿದಳು. ಹಿತ್ತಲ ಬಾಗಿಲು ತೆರೆದು, ಎಂಟು ವರ್ಷ ಸೊಸೆಯ ತಾಟು ಇಡುತ್ತಿದ್ದ ಕಲ್ಲಿನ ಮೇಲೆ ಅದನ್ನಿಟ್ಟು ಬಂದಳು.

ಸೂರ್ಯ ಮುಳುಗಲು ಇನ್ನು ಸ್ವಲ್ಪವೇ ಇತ್ತು. ಬಸುರಿ ಉಪವಾಸ ಇರಬಾರದೆಂದು ರಾಜಮತಿ ಸೌಟು ತೆಗೆದುಕೊಂಡು ಬಾಳವ್ವನಿಗೆ ಬಡಿಸಿದಳು. ತನಗೆ ಬಡಿಸಿಕೊಳ್ಳುವಷ್ಟರಲ್ಲಿ ಕತ್ತಲಾಯಿತು.