ಕುಕ್ಕರ್ ಕಂಪನಿಯ ಅಂತರಪಟ

ಮೂವತ್ತೊಂದು ವರ್ಷದ ರಂಜನಿಯನ್ನು ಹದಿನೇಳು ಗಂಡುಗಳ ಕಡೆಯವರು ನೋಡಿ ಹೋಗಿದ್ದರು. ಹದಿನೇಳು ಸಲವೂ ಅವಳು ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದು, ನಡಿ ಎಂದರೆ ನಡೆದು, ಹಾಡು ಎಂದರೆ ಹಾಡಿದ್ದಳು. ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಕೈ ತೊಳೆದುಕೊಂಡ ಮಹಾನುಭಾವರು ಇಂದಿಗೂ ತಿಳಿಸಿಲ್ಲ. ಹುಡುಗಿ ಗಿಡ್ಡ ಎಂಬುದು ಮಾತ್ರ ಹೇಗೋ ಸುತ್ತಿ ಬಳಸಿ ಇವರ ಕಿವಿಗೆ ಬೀಳುತ್ತಿತ್ತು.

೨೦೦೭ರಲ್ಲಿ ನಾಗಪುರದ ಹೊಸ ಎಫ್‌ಎಂ ರೇಡಿಯೋದವರು, ಒಬ್ಬರನ್ನೊಬ್ಬರು ಕಾಣದವರಿಗೆ ಮದುವೆ ಮಾಡಿಸುತ್ತೇವೆಂದು ಅರಚತೊಡಗಿದರು. ಕೇಳುಗರು ಎಸ್ಸೆಮ್ಮೆಸ್ ಕಳಿಸಿ ಜೋಡಿ ಆರಿಸುವುದಂತೆ, ಖರ್ಚು ಕುಕ್ಕರ್ ಕಂಪನಿಯದಂತೆ. ಇಂಥ ತಲೆಕೆಟ್ಟ ಆಟ ಇನ್ನೊಂದಿಲ್ಲವೆಂದು ಗೊತ್ತಿದ್ದೂ ರಂಜನಿ ಹೆಸರು ಕೊಟ್ಟಳು. ಅಂತರಪಟ ಸರಿಯುವ ತನಕ ಗಂಡಿನ ಕಡೆಯವರು ಹೆಣ್ಣನ್ನು ನೋಡುವಂತಿಲ್ಲ ಎಂಬ ಒಂದು ನಿಯಮಕ್ಕೆ ಅವಳು ಸೋತಿದ್ದಳು. ಜನ್ಮದಲ್ಲಿ ಒಮ್ಮೆಯಾದರೂ, ಯಾರೂ ಅಳೆದು ನೋಡದೆ, ಒಬ್ಬನಿಗೆ ತಾನು ಬೇಕಾಗಬೇಕಿತ್ತು.

ಅಪ್ಪ ವ್ಯಾಸರಾಜ ಹದಿನೈದು ದಿನ ಮಾತು ಬಿಟ್ಟ. ಆರಿಸಿ ಬಂದ ಅಭಿಜಿತ್ ಕಾಮಠಿಯ ಕನ್ನಡದ ಹುಡುಗ, ನಮ್ಮವರೇ, ಗೋತ್ರವೂ ಬೇರೆ ಎಂದು ಪತ್ತೆ ಹಚ್ಚಿದ ಮೇಲೆ, ರೇಡಿಯೋದಂಥ ಉಪಕಾರಿ ವಸ್ತು ಇನ್ನೊಂದಿಲ್ಲ ಎಂದ.

ಎರಡು ತಿಂಗಳು ವಾರಕ್ಕೊಮ್ಮೆ ಇಬ್ಬರನ್ನೂ ರೇಡಿಯೋದಲ್ಲಿ ಮಾತಾಡಿಸಿದರು. ಮುಖ ಕಟ್ಟಿಕೊಂಡು ಏನಾಗಬೇಕು, ಮನಸ್ಸು ಮುಖ್ಯ ಎಂದು ಅವನು ಹಿಂದಿಯಲ್ಲಿ ಹೇಳಿದ. ಹದಿನೇಳು ಜನರನ್ನು ಕಂಡವಳು ಈ ಸವಕಲು ಮಾತನ್ನು ನಂಬಿಬಿಟ್ಟಳು.

ಸೀತಾಬರ್ಡಿ ಪೇಟೆಯ ಮದುವೆ ಹಾಲ್‌ನಲ್ಲಿ ಮದುವೆ, ರೇಡಿಯೋದಲ್ಲಿ ನೇರ ಪ್ರಸಾರ. ಅಂತರಪಟದ ಮೇಲೂ ಕುಕ್ಕರಿನ ಚಿತ್ರ. ಜಾಹೀರಾತಿಗೆಂದು ಮಂಗಳಾಷ್ಟಕವನ್ನು ಎರಡು ಸಲ ನಿಲ್ಲಿಸಿದರು, ಆಚಾರ್ಯರು ನಾಚಿಕೆಯಿಲ್ಲದೆ ನಿಂತರು. ಆಗಲೇ ಬಟ್ಟೆಯ ಅಂಚಿನಾಚೆ, ಗಂಡಿನ ಪಕ್ಕ ಅಕ್ಷತೆ ಹಿಡಿದು ನಿಂತ ಹೆಂಗಸು ರಂಜನಿಗೆ ಕಂಡಳು. ಹೋದ ವಾರ ಮೊಮ್ಮಗನ ಅಡ್ಮಿಷನ್ ಎಂದು ಇವಳು ಕಲಿಸುವ ಶಾಲೆಗೆ ಬಂದು, ಬೋರ್ಡಿನ ಮೇಲೆ ಬರೆಸಿ, ಕಪಾಟಿನ ತನಕ ನಡೆಸಿ, ಕೊನೆಗೆ ಭುಜಕ್ಕೆ ಭುಜ ತಾಗಿಸಿ ನಿಂತು ನಕ್ಕು ಹೋದವಳು.

ಆಕೆ ಯಾರೆಂದು ರಂಜನಿ ಬಟ್ಟೆಯಾಚೆಗೆ ಕೇಳಿದಳು.

"ನಮ್ಮವ್ವ," ಎಂದ ಅಭಿಜಿತ್, ಖುಷಿಯಿಂದ. "ಸಾಲಿಗೆ ಬಂದು ನೋಡಿ ಹೋಗ್ಯಾಳ. ಪಸಂದ್ ಬಂದೀರಿ, ಚಿಂತಿ ಮಾಡಬ್ಯಾಡ್ರಿ. ಇಲ್ಲಂದ್ರ ನಾ ಬರ್ತಿದ್ದಿಲ್ಲ."

ಕನ್ನಡ ಬಾರದ ರೇಡಿಯೋ ಹುಡುಗಿ, ಪ್ರೇಮದ ಮಾತೆಂದುಕೊಂಡು, ಚಪ್ಪಾಳೆ ತಟ್ಟಿ ಎಂದು ಮೈಕಿನಲ್ಲಿ ಕೂಗಿದಳು. ಚಪ್ಪಾಳೆ ಬಿತ್ತು. ರಂಜನಿಗೆ ಅಳು ಬರಲಿಲ್ಲ, ಹೇಸಿಗೆಯಾಯಿತು. ಅವನಿಗಿಂತ ಹೆಚ್ಚು ತನ್ನ ಮೇಲೆಯೇ ಹೇಸಿಗೆಯಾಯಿತು. ಊರಿಗೆ ಊರೇ ಕೇಳುತ್ತಿದೆ, ಸುಮ್ಮನೆ ನಿಲ್ಲು ಎಂದು ಅಪ್ಪ ಹಲ್ಲು ಕಚ್ಚಿದ.

ಅವಳು ಕೈಯಲ್ಲಿದ್ದ ಹಾರವನ್ನು ಅಪ್ಪನಿಗೆ ಕೊಟ್ಟು, ಅಂತರಪಟ ಹಿಡಿದಿದ್ದ ಸೋದರಮಾವ ಲಕ್ಷ್ಮೀಕಾಂತನ ಕಡೆ ತಿರುಗಿದಳು.

"ಮಾಮಾ, ನಾ ಹಾಲ್ ದಾಟೋತನಕ ಇದನ್ನ ಹಿಂಗ ಹಿಡ್ಕೊಂಡು ನಿಂದರು. ಇವರು ನನ್ನ ನೋಡಬಾರದು."

ಲಕ್ಷ್ಮೀಕಾಂತ ತೋಳು ಇನ್ನಷ್ಟು ಮೇಲೆತ್ತಿದ. ಮನಸ್ಸು ಮುಖ್ಯ ಎಂದಿದ್ದವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ಚಾಚಿದ. ಅವಳು ಅವಸರವಿಲ್ಲದೆ ಮೆಟ್ಟಿಲಿಳಿದು ಹೋದಳು.