ಗುರುವಾರದ ಸಾಕ್ಷಿ

ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ವಿಂಕೊಗೆ ಹೇಳಿದ್ದು ಎರಡೇ ಮಾತು. ಹನಿಯೂ ಮುಟ್ಟಬಾರದು, ಕುಡಿತ ಬಿಡುವವರ ಗುರುವಾರದ ಸಂಘ ತಪ್ಪಿಸಬಾರದು. ಸಂಘಕ್ಕೆ ಒಬ್ಬನೇ ಹೋಗುವಂತಿಲ್ಲ, ಮನೆಯವರೊಬ್ಬರು ಜೊತೆಗಿರಬೇಕು. ಆ ವಾರ ಕುಡಿದನೋ ಇಲ್ಲವೋ ಎಂದು ಮೊದಲು ಅವರು ಹೇಳಬೇಕು, ಆಮೇಲೆ ಅವನು. ಕುಡುಕನ ಮಾತಿಗೆ ಕುಡುಕನೇ ಸಾಕ್ಷಿಯಾದರೆ ಯಾರು ನಂಬುತ್ತಾರೆ?

ವಿಂಕೊಗೆ ಜೊತೆಗೆ ಯಾರಿದ್ದರು? ಹೆಂಡತಿ ನೆವೆಂಕಾ ಮಗಳನ್ನು ಕರೆದುಕೊಂಡು ವರಾಝ್ದಿನ್ ಪಟ್ಟಣದಲ್ಲಿ ಅಕ್ಕನ ಮನೆ ಸೇರಿದ್ದಳು. ಉಳಿದವಳು ತಾಯಿ ರೊಜಾಲಿಯಾ.

"ಕುಡುಕರ ಸಂಘಕ್ಕೆ ನಾನಾ? ನೋಡಿದೋರು ಏನಂದಾರು?"

"ನೀನು ಬರದಿದ್ರೆ ನನ್ನನ್ನ ಒಳಗೇ ಸೇರಿಸಲ್ಲಮ್ಮ."

"ಸರಿ ನಡಿ. ಹೆತ್ತ ತಪ್ಪಿಗೆ ಅದೂ ಆಗಲಿ."

ಸಂಘ ಕೂಡುತ್ತಿದ್ದದ್ದು ಅಗ್ನಿಶಾಮಕದವರ ಕಟ್ಟಡದ ಹಿಂದಿನ ಕೋಣೆಯಲ್ಲಿ. ಮುಂದಿನ ಕೋಣೆಯಲ್ಲಿ ಅವರದೇ ಬಾರು. ಕುಡಿತ ಬಿಡಲು ಬಂದವರು ಕುಡಿಯುವವರನ್ನು ದಾಟಿಕೊಂಡೇ ಒಳಗೆ ಹೋಗಬೇಕು, ಊರಿನ ಬುದ್ಧಿವಂತಿಕೆ ಅಷ್ಟಿತ್ತು. "ಏನೋ ವಿಂಕೊ, ಅಮ್ಮನ ಸೆರಗು ಹಿಡ್ಕೊಂಡು ಸ್ಕೂಲಿಗೆ ಹೊರಟ್ಯಾ?" ಎಂದು ಒಬ್ಬ ಕೂಗಿದ. ವಿಂಕೊ ತಲೆ ತಗ್ಗಿಸಿ ನಡೆದ. ನಿವೃತ್ತ ನರ್ಸ್ ಮಿರ್ಯಾನಾ ಸಂಘ ನಡೆಸುವವಳು. ಅವಳು ಕೇಳಿದ ಕೂಡಲೇ ರೊಜಾಲಿಯಾ ಎದ್ದು ನಿಂತು, ಪಾದ್ರಿಯ ಮುಂದೆ ನಿಂತಂತೆ ಶಿಲುಬೆಯ ಗುರುತು ಹಾಕಿಕೊಂಡು, "ಮುಟ್ಟಿಲ್ಲಮ್ಮ, ದೇವರಾಣೆಗೂ ಮುಟ್ಟಿಲ್ಲ" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

"ನೀನೇನಂತೀಯ ವಿಂಕೊ?"

"ಅಮ್ಮ ಹೇಳಿದ ಹಾಗೆ."

ರೊಜಾಲಿಯಾ ಸುಳ್ಳು ಹೇಳುತ್ತಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಅವಳ ಲೆಕ್ಕದಲ್ಲಿ ಕುಡಿತವೆಂದರೆ ರಾಕಿಯಾ, ಬಾರಿನಲ್ಲಿ ಮಾರುವ ಸುಡುವ ಸಾರಾಯಿ. ಮನೆಯ ಹಿಂದಿನ ಗುಡ್ಡದಲ್ಲಿ ತೀರಿಹೋದ ಗಂಡ ನೆಟ್ಟ ದ್ರಾಕ್ಷಿ ಬಳ್ಳಿಯ ವೈನು ಕುಡಿತ ಹೇಗಾದೀತು? ಅದು ಊಟ. ಉಪ್ಪಿನ ಹಾಗೆ, ರೊಟ್ಟಿಯ ಹಾಗೆ. ಆಸ್ಪತ್ರೆಯಿಂದ ಬಂದ ದಿನವೇ ಹುರುಳಿಕಾಯಿ ಸಾರಿನ ಪಕ್ಕದಲ್ಲಿ ಒಂದು ಲೋಟ ಇಟ್ಟಿದ್ದಳು. ಮಗ ಸೊರಗಿದ್ದಾನೆಂದು ಅರ್ಧ ನೀರು ಬೆರೆಸಿದ್ದಳು.

ವಿಂಕೊ ಬೇಡ ಎನ್ನಬಹುದಿತ್ತು. ಅದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೈ ಮುಂದೆ ಹೋಯಿತು, ಅಷ್ಟೇ. ದಿನ ಹೋದಂತೆ ನೀರು ಕಡಿಮೆಯಾಯಿತು, ಲೋಟ ಒಂದಿದ್ದದ್ದು ಎರಡಾಯಿತು. ಗುರುವಾರ ಬಂದರೆ ಅಮ್ಮನ ಆಣೆ, ಚಪ್ಪಾಳೆ. ಯಾರಾದರೂ ನನ್ನನ್ನು ಹಿಡಿಯಬಾರದೇ ಎಂದು ಬೇಡಿಕೊಳ್ಳುತ್ತಿದ್ದ. ಅಂಥ ಹೇಡಿ ಅವನು.

ಅಷ್ಟರಲ್ಲಿ ನೆವೆಂಕಾಳ ಫೋನು ಬಂತು. "ಮಾರ್ಟಿನ್ ಹಬ್ಬ ಆದ ಮೇಲಿನ ಗುರುವಾರ ಬರ್ತೀನಿ. ಎಲ್ಲರ ಎದುರಿಗೆ ನನ್ನ ಕಿವಿಯಾರೆ ಕೇಳ್ಬೇಕು. ನಿಜವಾಗ್ಲೂ ಬಿಟ್ಟಿದ್ರೆ ಮಗಳನ್ನ ಕರ್ಕೊಂಡು ಮನೆಗೆ ಬರ್ತೀನಿ. ಇಲ್ಲಾಂದ್ರೆ ಇದೇ ಕೊನೆ ವಿಂಕೊ."

ಮಾರ್ಟಿನ್ ಹಬ್ಬವೆಂದರೆ ಊರಿನ ಮನೆಮನೆಯಲ್ಲೂ ಹೊಸ ವೈನಿನ ಪೀಪಾಯಿ ತೆರೆಯುವ ದಿನ. ಅವಳು ಬರುವ ಮೊದಲೇ ಬಿಟ್ಟುಬಿಡುತ್ತೇನೆ ಎಂದುಕೊಂಡ. ಆಗಲಿಲ್ಲ. ಹೋಗಲಿ, ಅವತ್ತು ನಾನೇ ನಿಜ ಹೇಳಿಬಿಡುತ್ತೇನೆ ಎಂದುಕೊಂಡ. ನಿಜ ಹೇಳಿದರೆ ಇನ್ನೊಂದು ಅವಕಾಶ ಕೊಟ್ಟಾಳು. ಆ ಗುರುವಾರ ಸಂಘಕ್ಕೆ ಹೋಗುವ ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿದ.

ನೆವೆಂಕಾ ಕೋಟು ಬಿಚ್ಚದೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದಳು. ರೊಜಾಲಿಯಾ ಎದ್ದು ಆಣೆಯಿಟ್ಟಳು. ಚಪ್ಪಾಳೆ ಬಿತ್ತು. ನೆವೆಂಕಾ ಕಣ್ಣೊರೆಸಿಕೊಂಡು ವಿಂಕೊನತ್ತ ತಿರುಗಿ ನಕ್ಕಳು, ಕೋಟಿನ ಗುಂಡಿ ಬಿಚ್ಚತೊಡಗಿದಳು. ಅವಳು ತನ್ನನ್ನು ನೋಡಿ ನಕ್ಕು ಎಷ್ಟು ಕಾಲವಾಗಿತ್ತು! ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ಅಮ್ಮ ಹೇಳಿದ ಹಾಗೆ" ಎಂದ.

ಸೊಸೆ ನಕ್ಕದ್ದು ಕಂಡು ರೊಜಾಲಿಯಾಳಿಗೆ ಹಿಗ್ಗು ತಡೆಯಲಾಗಲಿಲ್ಲ. ಹೋಗಿ ಅವಳ ಕೈ ಹಿಡಿದಳು. "ಬಾರೇ ತಾಯಿ ಮನೆಗೆ. ಚಿನ್ನದಂಥ ಹುಡುಗ ಆಗಿದಾನೆ. ಮಾರ್ಟಿನ್ ಹಬ್ಬದ ದಿನ ಹೊಸ ಪೀಪಾಯಿ ಇವನೇ ತೆಗೆದ. ಒಂದು ಜಗ್ಗು ಮುಗಿಸಿ, ಒಂದು ಕೆಟ್ಟ ಮಾತಾಡದೆ ಮಗು ಹಾಗೆ ಮಲ್ಕೊಂಡ ಕಣೇ!"

ನೆವೆಂಕಾ ಕೈ ಬಿಡಿಸಿಕೊಂಡಳು.

"ಏನು ಮುಗಿಸಿದ ಅತ್ತೆ?"

"ನಮ್ಮ ವೈನೇ. ಇನ್ನೇನು?"

ಮಿರ್ಯಾನಾ ಮೆಲ್ಲಗೆ, "ರೊಜಾಲಿಯಮ್ಮ, ಅದೂ ಕುಡಿತವೇ ಅಲ್ವಾ?" ಎಂದಳು.

"ಹಾಗಂದ್ರೇನು! ನಮ್ಮ ಮನೆ ಬಳ್ಳೀದು!" ಮುದುಕಿಗೆ ನಿಜವಾಗಿ ಸಿಟ್ಟು ಬಂದಿತ್ತು.

ನೆವೆಂಕಾ ಅತ್ತೆಯನ್ನು ನೋಡಲಿಲ್ಲ. "ನಿನಗೆ ಗೊತ್ತಿತ್ತಲ್ಲ ವಿಂಕೊ. ಅವರಿಗಲ್ಲ, ನಿನಗೆ" ಎಂದಳು. ಕೋಟಿನ ಗುಂಡಿ ಹಾಕಿಕೊಂಡಳು. ಬಾಗಿಲು ತೆರೆದಾಗ ಬಾರಿನ ನಗು ಒಳಗೆ ಬಂತು, ಮುಚ್ಚಿದಾಗ ನಿಂತಿತು.

ಮುಂದಿನ ವಾರ ಖಂಡಿತ ಬಾ, ಹೀಗೆ ಬಿದ್ದವರೇ ಇಲ್ಲಿರೋರೆಲ್ಲ ಎಂದು ಮಿರ್ಯಾನಾ ಹೇಳಿದಳು. ವಿಂಕೊ ತಲೆಯಾಡಿಸಿದ. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮನೆಗೆ ಬಂದ ಮೇಲೆ ರೊಜಾಲಿಯಾ ಸಾರು ಬಿಸಿ ಮಾಡಿದಳು. "ಹೋದ್ರೆ ಹೋಗ್ಲಿ ಬಿಡು. ಕುಡಿಯದೋನನ್ನ ಕುಡುಕ ಅಂತ ಬಿಟ್ಟು ಹೋದ ಪಾಪ ಅವಳಿಗೇ ತಟ್ಟುತ್ತೆ" ಎನ್ನುತ್ತ ಲೋಟ ತುಂಬಿಸಿ ಇಟ್ಟಳು. ಇವತ್ತು ನೀರು ಬೆರೆಸಿರಲಿಲ್ಲ.

"ಬೇಡಮ್ಮ" ಎಂದ ವಿಂಕೊ. ಹಾಗೆ ಅಂದದ್ದು ಅದೇ ಮೊದಲ ಸಲ.

ಅವಳ ಮುಖ ಸಣ್ಣದಾಯಿತು. "ನಿಮ್ಮಪ್ಪ ನೆಟ್ಟಿದ್ದು ಕಣೋ. ಅದೂ ವಿಷ ಆಗೋಯ್ತಾ ನಿನಗೆ?" ಎಂದಳು. ಕಣ್ಣು ತುಂಬಿ ಬಂತು. ಇನ್ನು ಮೇಲೆ ಆ ಮನೆಯಲ್ಲಿ ಅವನೊಡನೆ ಊಟಕ್ಕೆ ಕೂರುವವಳು ಅವಳೊಬ್ಬಳೇ.

ವಿಂಕೊ ಲೋಟ ಎತ್ತಿ ತಳ ಕಾಣುವವರೆಗೂ ಕುಡಿದ. ರೊಜಾಲಿಯಾ ಕಣ್ಣೊರೆಸಿಕೊಂಡು, ಸಮಾಧಾನದಿಂದ, ರೊಟ್ಟಿ ಮುರಿದು ಅವನ ತಟ್ಟೆಗೆ ಹಾಕಿದಳು.